ಆಳದ ಹವಳದ ದಿಬ್ಬಗಳು

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುದಾರಿಯ ಬಳಿ ಚಾಂಪಿಯನ್ ರೀಫ್ ಎಂಬ ಊರಿದೆ. ಚಿನ್ನವನ್ನು ಒಡಲಲ್ಲಿರಿಸಿಕೊಂಡ ಬೆಣಚುಕಲ್ಲಿನ ಪಟ್ಟಿಗೆ ಗಣಿಗಾರರು 'ರೀಫ್' ಎನ್ನುತ್ತಿದ್ದರು. ಅದನ್ನು ಅರಸುತ್ತ ಅವರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಕಡಲಿನ ಹವಳದ ದಿಬ್ಬಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಆದರೆ ಅದನ್ನು ಕಟ್ಟುವವು ಜೀವಿಗಳು.

ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ, ಬಿಸಿಲು ತಲುಪುವ ನೀರಿನಲ್ಲಿ, ಹವಳಗಳಿವೆ. ಇಂತಹ ಹವಳಗಳ ಒಡಲಲ್ಲಿ ನೆಲಸಿದ ಸೂಕ್ಷ್ಮ ಪಾಚಿಗಳು ಬೆಳಕಿನ ನೆರವಿನಿಂದ ಆಹಾರವನ್ನು ಸಿದ್ಧಪಡಿಸುತ್ತವೆ. ಬೆಳಕೇ ಇಲ್ಲದ ಆಳದಲ್ಲಿಯೂ ಹವಳವುಂಟು. ಅದು ನೀರಿನ ಪ್ರವಾಹವು ಹೊತ್ತು ತರುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ನಾರ್ವೆಯ ಕರಾವಳಿಯಾಚೆ, 300ರಿಂದ 400 ಮೀಟರ್ ಆಳದಲ್ಲಿ, ಸುಮಾರು 35 ಕಿಲೋಮೀಟರ್ ಉದ್ದದ ರೋಸ್ಟ್ ದಿಬ್ಬವು 2002ರಲ್ಲಿ ಪತ್ತೆಯಾಯಿತು. ಅದರ ಕವಲುಗಳ ಸಂದುಗಳಲ್ಲಿ ಮೀನುಗಳಿಗೆ ಆಶ್ರಯವೂ ಆಹಾರವೂ ದೊರೆಯುತ್ತವೆ.

ಈ ಹವಳವು ವರ್ಷಕ್ಕೆ ಕೆಲವು ಮಿಲಿಮೀಟರುಗಳಷ್ಟು ಮಾತ್ರ ಬೆಳೆಯುತ್ತದೆ. ಕಡಲ ತಳವನ್ನು ಗೋರುವ ಭಾರವಾದ ಬಲೆ ಒಮ್ಮೆ ಹಾದುಹೋದರೆ ಸಾಕು, ಸಾವಿರಾರು ವರ್ಷಗಳ ಬೆಳವಣಿಗೆ ಪುಡಿಯಾಗುತ್ತದೆ. ಮೀನುಗಳು ನೆಲೆ ಕಳೆದುಕೊಳ್ಳುತ್ತವೆ. ಆದುದರಿಂದ ನಾರ್ವೆಯು 2003ರಲ್ಲಿ ರೋಸ್ಟ್ ದಿಬ್ಬದ ಮೇಲೆ ಅಂತಹ ಬಲೆಗಳನ್ನು ಎಳೆಯುವುದನ್ನು ನಿಷೇಧಿಸಿತು.

ಬರಿದಾದ ಗಣಿಯ ರೀಫ್ ಮತ್ತೆ ತುಂಬದು. ಹವಳದ ದಿಬ್ಬವಾದರೋ, ಕಾಪಾಡಿದವರಿಗೆ ಮತ್ತೆ ಮತ್ತೆ ಮೀನನ್ನು ನೀಡಬಲ್ಲುದು.