ಟೇಲ್‌ಸ್ಟಾಕಿನ ಸೆಂಟರ್: ಆಯ್ಕೆಯ ವಿಚಾರ

ನಮ್ಮ ನಾಡಿನ ಯಂತ್ರೋದ್ಯಮದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಂಸ್ಥೆಗಳ ಸ್ಥಾಪನೆಯಿಂದ ಆರಂಭಿಸುವರು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್. ಬೆಂಗಳೂರಿನಲ್ಲಿ 1953ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದೊಡನೆ, ಹಿಂದೂಸ್ಥಾನ್ ಮೆಷಿನ್ ಟೂಲ್ಸ್. 1962ರಲ್ಲಿ ತುಮಕೂರು ರಸ್ತೆಯ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್. ಅದೇ ರಸ್ತೆ ಮುಂದೆ ನೆಲಮಂಗಲವನ್ನು ದಾಟಿ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶವನ್ನು ಮುಟ್ಟುತ್ತದೆ. ಆದರೆ ಲೇತಿನ ಮೇಲೆ ತಯಾರಾಗುವ ವಸ್ತುವಿನ ನಿಖರತೆಯು ಬಹುಮಟ್ಟಿಗೆ ಅಂಗೈಯಲ್ಲಿ ಹಿಡಿಸುವ ಉಕ್ಕಿನ ಮೊನೆಯೊಂದನ್ನು ಅವಲಂಬಿಸಿದೆ ಎಂಬುದು ಚರಿತ್ರೆಯ ವಿದ್ಯಾರ್ಥಿಗಳ ಗಮನಕ್ಕೆ ಬರುವುದು ವಿರಳ.

ಉದ್ದವಾದ ಜಾಬನ್ನು ಒಂದೇ ತುದಿಯಲ್ಲಿ ಹಿಡಿದು ಕಡೆದರೆ ಅದು ಟೂಲಿನ ಒತ್ತಡಕ್ಕೆ ಬಾಗುತ್ತದೆ. ಆದುದರಿಂದ ಇನ್ನೊಂದು ತುದಿಗೆ ಟೇಲ್‌ಸ್ಟಾಕಿನಲ್ಲಿ ಕೂಡಿಸಿದ ಸೆಂಟರಿನ ಆಸರೆ ಬೇಕು. ಇದರ ಮೊನೆಯ ಕೋನ ಸಾಮಾನ್ಯವಾಗಿ 60 ಡಿಗ್ರಿ. ಹಿಂಭಾಗವು ಸುಮಾರು 20ಕ್ಕೆ 1ರಂತೆ ಕಿರಿದಾಗುವ ಮೋರ್ಸ್ ಟೇಪರ್.

ಸೆಂಟರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಜಾಬಿನೊಡನೆ ಬೇರಿಂಗುಗಳ ಮೇಲೆ ತಿರುಗುವುದು ಲೈವ್ ಸೆಂಟರ್; ನಿಶ್ಚಲವಾಗಿ ನಿಲ್ಲುವುದು ಡೆಡ್ ಸೆಂಟರ್. ಹೆಚ್ಚಿನ ವೇಗದಲ್ಲಿ ಆಳವಾಗಿ ಕಡೆಯುವಲ್ಲಿ ಮೊದಲನೆಯದೇ ಯೋಗ್ಯ. ಅಲ್ಲಿ ಡೆಡ್ ಸೆಂಟರನ್ನು ಬಳಸಿದರೆ ಗ್ರೀಸ್ ಹಚ್ಚಿದರೂ ಘರ್ಷಣೆಯಿಂದ ಮೊನೆ ಸುಡುವುದುಂಟು. ಇದಲ್ಲದೆ 300 ಮಿಲಿಮೀಟರ್ ಉದ್ದದ ಉಕ್ಕಿನ ಶಾಫ್ಟ್ 30 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯೇರಿದರೆ ಸುಮಾರು 0.1 ಮಿಲಿಮೀಟರ್ ಬೆಳೆಯುತ್ತದೆ. ಎರಡು ತುದಿಗಳೂ ಬಿಗಿಯಾಗಿರುವಾಗ ಅದು ಬಾಗದೆ ಗತ್ಯಂತರವಿಲ್ಲ. ಆಗಾಗ ಟೇಲ್‌ಸ್ಟಾಕನ್ನು ಸಡಿಲಿಸಿ ಮತ್ತೆ ಹೊಂದಿಸಬೇಕು. ತುದಿಯ ಮುಖವನ್ನು ಕಡೆಯಲು ಒಂದು ಪಾರ್ಶ್ವ ಕತ್ತರಿಸಿದ ಹಾಫ್ ಸೆಂಟರೂ, ಕೊಳವೆಗಳಿಗೆ ದಪ್ಪ ಮೊನೆಯ ಪೈಪ್ ಸೆಂಟರೂ ಉಂಟು.

ಗ್ರೈಂಡಿಂಗಿನ ವಿಚಾರ ಬೇರೆ. ಅಲ್ಲಿ ಅಳತೆ ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ. ಬೇರಿಂಗಿನ ಅತ್ಯಲ್ಪ ಓಲಾಟವೂ ಜಾಬಿನ ದುಂಡಗಿನ ಮೇಲೆ ಮೂಡುತ್ತದೆ. ಆ ಕಾರಣದಿಂದ ಎರಡೂ ತುದಿಗಳಲ್ಲಿ ಡೆಡ್ ಸೆಂಟರನ್ನಿಟ್ಟು, ಅವುಗಳ ನಡುವೆ ಜಾಬನ್ನು ಮಾತ್ರ ತಿರುಗಿಸುವರು. ಮೊನೆ ಸವೆಯದಂತೆ ಕಾರ್ಬೈಡ್ ತುದಿಯನ್ನು ಕೂಡಿಸುವುದುಂಟು. ಆದರೆ ಜಾಬಿನ ಸೆಂಟರ್ ರಂಧ್ರವೇ ಕೆಟ್ಟಿದ್ದರೆ ಉತ್ತಮ ಸೆಂಟರಿನಿಂದಲೂ ಪ್ರಯೋಜನವಿಲ್ಲ. ರಂಧ್ರದ ಓರೆಕೋರೆ ಜಾಬಿಗೂ ಇಳಿಯುತ್ತದೆ. ಹದಗೊಳಿಸಿದ ಶಾಫ್ಟುಗಳ ರಂಧ್ರದಲ್ಲಿ ಕಿಟ್ಟ ಕಟ್ಟಿರುವುದರಿಂದ ಮೊದಲು ಅದನ್ನು ತೆಗೆದು ಉಜ್ಜಿ ಸರಿಪಡಿಸಬೇಕು.

ಇಲ್ಲಿ ತಪ್ಪಿದರೆ ನಷ್ಟ ಸಣ್ಣದಲ್ಲ. ಗ್ರೈಂಡಿಂಗ್ ಕೊನೆಯ ಹಂತಗಳಲ್ಲೊಂದು. ಅಲ್ಲಿ ಕೆಟ್ಟ ಶಾಫ್ಟಿನೊಡನೆ ಕಡೆದವನ, ಹದಗೊಳಿಸಿದವನ ದುಡಿಮೆಯೂ ವ್ಯರ್ಥವಾಗುತ್ತದೆ. ಬಂಡವಾಳ ಕಡಮೆಯಿರುವ ಸಣ್ಣ ಕಾರ್ಖಾನೆಯಲ್ಲಿ ಎಲ್ಲ ಬಗೆಯ ಸೆಂಟರುಗಳನ್ನೂ ಕೊಂಡಿಡುವುದು ಕಷ್ಟ. ಆದುದರಿಂದ ಜಾಬಿನ ತೂಕ, ವೇಗ, ಬೇಕಾದ ನಿಖರತೆ ಈ ಮೂರನ್ನು ಮೊದಲು ನಿರ್ಧರಿಸಿ, ಅನಂತರ ಸೆಂಟರನ್ನು ಆರಿಸುವುದು ಯುಕ್ತ.