ಮುಳುಗಡೆಯ ಸಂಸಾರವೂ ಅಪೀಲಿನ ವಾಯಿದೆಯೂ

ಹೊಲಮನೆಗಳು ಮುಳುಗಡೆಗೆ ಹೋದ ಗೃಹಸ್ಥನಿಗೆ ಎರಡು ಸಾರೆ ನಷ್ಟವಾಗುವ ಸಂಭವವುಂಟು. ನೀರಿನಿಂದಾಗುವದು ಒಂದು, ವಾಯಿದೆ ಮೀರುವದರಿಂದಾಗುವದು ಇನ್ನೊಂದು. ಮೊದಲನೆಯದನ್ನು ತಡೆಯುವದು ನಮ್ಮ ಕೈಯೊಳಗಿಲ್ಲ. ಎರಡನೆಯದು ಬಹುಮಟ್ಟಿಗೆ ನಮ್ಮ ಕೈಯೊಳಗಿನದೇ. ಆದುದರಿಂದ ಆ ವಿಚಾರವನ್ನೇ ಈ ಸಲ ವಾಚಕರ ಮುಂದಿಡುತ್ತೇವೆ.

ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಅದರ ಹಿನ್ನೀರು ಬೀಳಗಿ, ಜಮಖಂಡಿ ತಾಲೂಕುಗಳ ನದೀತೀರವನ್ನು ಆವರಿಸಿತು. ಸುಪ್ರೀಂ ಕೋರ್ಟು 2000ದಲ್ಲಿ ಅದರ ಎತ್ತರವನ್ನು 519.6 ಮೀಟರಿಗೆ ನಿಲ್ಲಿಸಿತು. ಎರಡನೆಯ ಕೃಷ್ಣಾ ನ್ಯಾಯಮಂಡಳಿಯು 2010ರಲ್ಲಿ 524.256 ಮೀಟರಿಗೆ ಸಮ್ಮತಿಯನ್ನಿತ್ತಿತು. ಎತ್ತರ ಏರಿದಂತೆ ಭೂಸ್ವಾಧೀನವೂ ಏರುವದಷ್ಟೆ. ಮುಧೋಳದ ಕಬ್ಬಿನ ಒಕ್ಕಲಿಗನಾಗಲಿ, ರಬಕವಿ-ಬನಹಟ್ಟಿಯ ನೇಕಾರನಾಗಲಿ, ಮುಳುಗಡೆಯ ಬಳಗವೇ ಇಲ್ಲದ ಮನೆಯು ಈ ಸೀಮೆಯಲ್ಲಿ ವಿರಳವೆಂದೇ ಹೇಳಬೇಕು.

ಪರದೇಶಕ್ಕೆ ಓಡಿಹೋಗಿ ಆಸರೆ ಬೇಡಿದವನಿಗೆ 1951ರ ಜಿನೀವಾ ಒಡಂಬಡಿಕೆಯುಂಟು. ನಮ್ಮ ದೇಶವು ಅದಕ್ಕೆ ಸಹಿ ಮಾಡಿಲ್ಲ. ಅದಲ್ಲದೆ ಸ್ವದೇಶದಲ್ಲಿಯೇ ನೆಲೆ ತಪ್ಪಿದವನಿಗೆ ಅದು ಅನ್ವಯಿಸತಕ್ಕದ್ದೂ ಅಲ್ಲ. ಇವನಿಗೆ ಆಸರೆಯೆಂದರೆ ನಮ್ಮ ಕಾಯಿದೆಗಳೇ. ಆದರೂ ಇಬ್ಬರ ಸಂಕಟದಲ್ಲಿ ಒಂದು ಸಾಮ್ಯವುಂಟು: ಕೇಳಿದ್ದು ನಿರಾಕೃತವಾದ ಮೇಲೆ ಮತ್ತೆ ಕೇಳಿಕೊಳ್ಳುವ ಬಾಗಿಲು ಅಲ್ಪಕಾಲ ಮಾತ್ರವೇ ತೆರೆದಿರುತ್ತದೆ.

1894ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2013ರ ಭೂಸ್ವಾಧೀನ ಕಾಯಿದೆಯು 2014ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ 64ನೆಯ ಕಲಮಿನಂತೆ, ಐತೀರ್ಪನ್ನು ಒಪ್ಪದವನು ತನ್ನ ತಕರಾರನ್ನು ಪ್ರಾಧಿಕಾರಕ್ಕೆ ಒಪ್ಪಿಸಬೇಕೆಂದು ಅಧಿಕಾರಿಗೆ ಅರ್ಜಿ ಕೊಡಬೇಕು. ಐತೀರ್ಪಿನ ಕಾಲಕ್ಕೆ ಹಾಜರಿದ್ದವನಿಗೆ ವಾಯಿದೆ ಆರು ವಾರ. ಹಾಜರಿಲ್ಲದವನಿಗೆ ನೋಟೀಸು ಮುಟ್ಟಿದ ಮೇಲೆ ಆರು ವಾರ, ಇಲ್ಲವೆ ಐತೀರ್ಪಿನಿಂದ ಆರು ತಿಂಗಳು. ಇವೆರಡರಲ್ಲಿ ಮೊದಲು ಮುಗಿಯುವದೇ ಕಡೆಯ ದಿನ. ಸಾಕಾದಷ್ಟು ಕಾರಣವಿದ್ದರೆ ಇನ್ನೊಂದು ವರುಷದೊಳಗಾಗಿ ಬಂದ ಅರ್ಜಿಯನ್ನು ಅಧಿಕಾರಿಯು ಸ್ವೀಕರಿಸಬಹುದು. ಅರ್ಜಿ ಬಂದ 30 ದಿವಸಗಳಲ್ಲಿ ಆತನು ಅದನ್ನು ಮುಂದಕ್ಕೆ ಕಳಿಸತಕ್ಕದ್ದು. ಕಳಿಸದಿದ್ದರೆ ಅರ್ಜಿದಾರನು ನೇರವಾಗಿ ಪ್ರಾಧಿಕಾರದ ಮೊರೆ ಹೋಗಬಹುದು.

ಪ್ರಾಧಿಕಾರದ ತೀರ್ಪೂ ಸಮಾಧಾನ ಕೊಡದಿದ್ದರೆ 60 ದಿವಸಗಳಲ್ಲಿ ಹೈಕೋರ್ಟಿಗೆ ಅಪೀಲು ಸಲ್ಲುತ್ತದೆ. ಯೋಗ್ಯ ಕಾರಣ ತೋರಿಸಿ ಅನುಮತಿ ಬೇಡಿದರೆ ಮತ್ತೆ 60 ದಿವಸಗಳ ಅವಕಾಶವುಂಟು. 2008ರಿಂದ ಧಾರವಾಡದಲ್ಲಿಯೇ ಹೈಕೋರ್ಟಿನ ಪೀಠವಿರುವದರಿಂದ ಬಾಗಲಕೋಟೆ ಜಿಲ್ಲೆಯವರಿಗೆ ಬೆಂಗಳೂರಿನ ಪ್ರಯಾಣ ತಪ್ಪಿತು.

ಹಳೆಯ ಕಾಯಿದೆಯ ಪ್ರಕರಣಗಳಲ್ಲಿ ತಡವಾದ ಅಪೀಲುಗಳಿಗೆ 1963ರ ಕಾಲಮಿತಿ ಕಾಯಿದೆಯ 5ನೆಯ ಕಲಮು ನೆರವಾಗುತ್ತದೆ. ವಿಳಂಬವನ್ನು ಉದಾರದೃಷ್ಟಿಯಿಂದ ನೋಡಬೇಕೆಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿದ್ದು ಇಂಥ ಒಂದು ಭೂಸ್ವಾಧೀನದ ವ್ಯಾಜ್ಯದಲ್ಲಿಯೇ. ಆದರೆ ತಡಮಾಡಿದ ಕಾಲದ ಬಡ್ಡಿಯನ್ನು ತಪ್ಪಿಸಿ ಅನುಮತಿ ಕೊಡುವದುಂಟು. ಔದಾರ್ಯವೂ ಪುಕ್ಕಟೆಯದಲ್ಲ!

ಇನ್ನು ಮನೆಯ ಯಜಮಾನರು ಗಮನಿಸತಕ್ಕ ಕೆಲವು ಮಾತುಗಳು. ಹಣ ಪಡೆಯುವಾಗ ‘ತಕರಾರಿಗೆ ಒಳಪಟ್ಟು ಪಡೆದಿದ್ದೇನೆ’ ಎಂದು ಬರೆಯಿಸಬೇಕು. ಹಾಗೆ ಬರೆಯದೆ ಪಡೆದವನಿಗೆ ಮುಂದೆ ಅರ್ಜಿಯ ಹಕ್ಕಿಲ್ಲ. ದರವನ್ನು ಒಪ್ಪಿ ಕರಾರಿಗೆ ಸಹಿ ಮಾಡುವ ಮುಂಚೆ ವಕೀಲರಿಂದ ಓದಿಸಿಕೊಳ್ಳಬೇಕು. ನೋಟೀಸು ಮುಟ್ಟಿದ ತಾರೀಖನ್ನು ಅದರ ಮೇಲೆಯೇ ಬರೆದು, ಉತಾರದೊಡನೆ ಜೋಪಾನವಾಗಿಡಬೇಕು. ನೆರೆಹೊಲದವನ ದರವನ್ನು ಪ್ರಾಧಿಕಾರವು ಹೆಚ್ಚಿಸಿತೆಂದು ಕೇಳಿದರೆ ಸುಮ್ಮನೆ ಕೂಡ್ರಬಾರದು; ಅದೇ ಅಧಿಸೂಚನೆಗೆ ಸೇರಿದ, ಮೊದಲು ಅರ್ಜಿ ಕೊಡದವರು ಆ ತೀರ್ಪಿನಿಂದ ಮೂರು ತಿಂಗಳೊಳಗೆ 73ನೆಯ ಕಲಮಿನಂತೆ ತಮಗೂ ಹಾಗೆಯೇ ಆಗಬೇಕೆಂದು ಕೇಳಿಕೊಳ್ಳಬಹುದು.

ಖರ್ಚಿಗೆ ಅಂಜಿ ಹಿಂದೆಗೆಯುವ ತಾಯಂದಿರಿಗೆ ನಮ್ಮ ವಿಶೇಷ ವಿನಂತಿ: 1987ರ ಕಾನೂನು ಸೇವಾ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ ಆದಾಯವೆಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವುಂಟು. ಹೊಲ ಹೋದರೂ ಅದರ ಯೋಗ್ಯ ಬೆಲೆಯು ಮಕ್ಕಳ ಪಾಲಿಗೆ ಉಳಿಯಬೇಕಾದುದು ನ್ಯಾಯ. ಅದಕ್ಕಾಗಿ ಕ್ಯಾಲೆಂಡರಿನ ಮೇಲೊಂದು ಗುರುತು ಹಾಕಿಡುವದು ದೊಡ್ಡ ಶ್ರಮವಲ್ಲ.