ಕೋಳಿಯ ಕಾಲು ಸೋತಾಗ

ಬೈಯಪ್ಪನಹಳ್ಳಿಯಲ್ಲಿ ಈಗ ಮೆಟ್ರೋ ಗಾಡಿಗಳು ಓಡಾಡುತ್ತವೆ. ಆದರೂ ರೈಲುಹಳಿಗೆ ಸಮೀಪದ ಕೆಲವು ಹಿತ್ತಿಲುಗಳಲ್ಲಿ ಕೋಳಿಯ ಕೂಗು ಇನ್ನೂ ನಿಂತಿಲ್ಲ. ಅಂತಹ ಮನೆಯೊಂದಕ್ಕೆ ನಮ್ಮ ವಿದ್ಯಾರ್ಥಿಯೊಬ್ಬನು ಒಂದು ಭಾನುವಾರ ನಮ್ಮನ್ನು ಕರೆದೊಯ್ದನು. ಮೂರು ತಿಂಗಳ ಹೇಂಟೆಯೊಂದು ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ನೆಲಕ್ಕೊರಗಿದ್ದಿತು. ಕಣ್ಣು ಚುರುಕಾಗಿದ್ದಿತು, ಕಾಳು ಕಂಡರೆ ಕತ್ತು ನೀಡುತ್ತಿದ್ದಿತು, ಆದರೆ ಏಳಲಾರದು. "ಸಾರ್, ಉಳಿದ ಎಂಟಕ್ಕೂ ಹೀಗೇ ಆಗುತ್ತದೆಯೇ?" ಎಂದು ಅವನು ಕೇಳಿದನು. ಭೌತವಿಜ್ಞಾನ ಬೋಧಿಸುವ ನಮಗೆ ಉತ್ತರ ತಿಳಿದಿರಲಿಲ್ಲ. ಬಲ್ಲವರಿಂದ ತಿಳಿದುದನ್ನು ಇಲ್ಲಿ ಹೇಳುತ್ತೇವೆ.

ಕುಂಟುವುದೇ ಒಂದು ರೋಗವಲ್ಲ, ರೋಗದ ಸೂಚನೆ. ಮನೆಯ ದೀಪ ಹತ್ತದಿದ್ದರೆ ದೋಷ ಬಲ್ಬಿನಲ್ಲಿರಬಹುದು, ತಂತಿಯಲ್ಲಿರಬಹುದು, ವಿದ್ಯುತ್ತು ಬರುವ ಮೂಲದಲ್ಲಿಯೇ ಇರಬಹುದು. ಹಾಗೆಯೇ ಕೋಳಿಯ ಕಾಲು ಸೋತಾಗ ಮೊದಲು ಪಾದವನ್ನೂ ಮೂಳೆಯನ್ನೂ, ಬಳಿಕ ನರವನ್ನೂ, ಕೊನೆಗೆ ಮಿದುಳನ್ನೂ ಶಂಕಿಸಬೇಕು.

ಬೆರಳಿಗೆ ದಾರವೋ ಕೂದಲೋ ಸುತ್ತಿ ಬಿಗಿದಿದೆಯೇ? ಅಂಗಾಲಿನಲ್ಲಿ ಕಪ್ಪು ಹಕ್ಕಳೆಯ ಬಾವು ಇದೆಯೇ? ಇವು ಕಣ್ಣಿಗೆ ಕಾಣುವ, ಬೇಗ ನೋಡಿಕೊಂಡರೆ ವಾಸಿಯಾಗುವ ಕಾರಣಗಳು. ಮೊಟ್ಟೆಯಿಡುವ ಕೋಳಿಯಾದರೆ ಮೂಳೆಯನ್ನು ನೆನೆಯಬೇಕು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಆಹಾರದಲ್ಲಿ ಅದು ಸಾಲದಾದರೆ ಕೋಳಿ ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ; ಕೊನೆಗೆ ನಿಲ್ಲಲಾರದೆ ಕುಸಿಯುತ್ತದೆ. ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಿನಲ್ಲಿಟ್ಟರೆ ಬೇಕಾದಷ್ಟನ್ನು ಅದೇ ತಿನ್ನುತ್ತದೆ.

ನರತಂತುವಿಗೂ ವಿದ್ಯುತ್ ತಂತಿಯಂತೆ ಒಂದು ಹೊದಿಕೆಯುಂಟು. ಅದು ಕೆಟ್ಟರೆ ಸಂದೇಶ ಸರಿಯಾಗಿ ಸಾಗದು. ಬಿ-2 ಜೀವಸತ್ವ ಸಾಲದ ಎಳೆಯ ಮರಿಗಳಲ್ಲಿ ಹೀಗಾಗಿ ಕಾಲ್ಬೆರಳುಗಳು ಮುಷ್ಟಿಯಂತೆ ಒಳಕ್ಕೆ ಮಡಿಚಿಕೊಳ್ಳುತ್ತವೆ. ಬೇಗನೆ ಆ ಜೀವಸತ್ವವನ್ನು ಕೊಟ್ಟರೆ ಮರಿ ನಡೆದೀತು. ತಡವಾದರೆ ಊನ ಉಳಿಯುತ್ತದೆ. ಬಿ-1 ಸಾಲದಿದ್ದರೆ ಕಾಲು ಸೋಲುವುದಲ್ಲದೆ, ತಲೆ ಹಿಂದಕ್ಕೆ ಬಾಗಿ ಕೋಳಿ ಆಕಾಶವನ್ನು ನೋಡುತ್ತಿರುವಂತೆ ತೋರುತ್ತದೆ. 1890ರ ದಶಕದಲ್ಲಿ ಜಾವಾದ ಬಟೇವಿಯಾ ನಗರದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಡಚ್ ವೈದ್ಯ ಐಕ್‌ಮನ್ ಎಂಬಾತನು ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡು ತೆಗೆಯದ ಅಕ್ಕಿ ತಿಂದಾಗ ಅವು ಚೇತರಿಸುವುದನ್ನೂ ಕಂಡನು. ಮನುಷ್ಯರ ಬೆರಿಬೆರಿ ರೋಗದ ಗುಟ್ಟು ಬಯಲಾಗಲು ಕೋಳಿಗೂಡೇ ದಾರಿ ತೋರಿತು. 1929ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಸಂದಿತು. ಮಿಕ್ಕ ಬಿಳಿಯ ಅನ್ನವನ್ನಷ್ಟೇ ಕೋಳಿಗೆ ಸುರಿಯುವವರು ಇದನ್ನು ನೆನೆಯಬೇಕು.

ಇನ್ನು ಸೋಂಕುಗಳು. ಹಳ್ಳಿಗರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗದಲ್ಲಿ ಏದುಸಿರು, ಹಸಿರು ಭೇದಿ, ತಿರುಚಿದ ಕತ್ತು ಕಾಣುತ್ತವೆ. ಅನೇಕ ಕೋಳಿಗಳು ಒಟ್ಟಿಗೆ ಬೀಳುತ್ತವೆ. ನಾವು ಕಂಡ ಹೇಂಟೆಯ ಭಂಗಿ ಬೇರೆಯದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ದಾಗ ವೈದ್ಯರು ಶಂಕಿಸಿದುದು ಮಾರೆಕ್ ರೋಗವನ್ನು. 1907ರಲ್ಲಿ ಹಂಗೇರಿಯ ಪಶುವೈದ್ಯ ಮಾರೆಕ್ ಇದನ್ನು 4 ಹುಂಜಗಳಲ್ಲಿ ಮೊದಲು ವರ್ಣಿಸಿದನು; ಕಾರಣವಾದ ವೈರಸ್ 1967ರಲ್ಲಿ ತಿಳಿಯಿತು. ಅದು ಗರಿಯ ಧೂಳಿನೊಡನೆ ಹರಡುತ್ತದೆ, ಮನುಷ್ಯರಿಗೆ ತಗಲದು. ಬಂದ ಮೇಲೆ ಚಿಕಿತ್ಸೆಯಿಲ್ಲ. ವೈದ್ಯರು ಹೇಂಟೆಯ ನರಳಿಕೆಯನ್ನು ಕೊನೆಗಾಣಿಸಿ ಕೊಯ್ದು ನೋಡಿದರು: ಒಂದು ತೊಡೆಯ ನರ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ದಪ್ಪವಾಗಿದ್ದಿತು.

ಆದುದರಿಂದ ಕುಂಟುವ ಕೋಳಿಯನ್ನು ಒಡನೆಯೇ ಬೇರ್ಪಡಿಸಿ; ಮೆತ್ತನೆಯ ಹುಲ್ಲಿನ ಮೇಲಿರಿಸಿ, ಕೊಕ್ಕಿಗೆಟಕುವಂತೆ ನೀರು ಕಾಳುಗಳನ್ನಿಡಿ; ಮುಟ್ಟಿದ ಮೇಲೆ ಕೈ ತೊಳೆಯಿರಿ. ಅದನ್ನು ಮಾರಬೇಡಿ, ಅಡುಗೆಗೂ ಬಳಸಬೇಡಿ. ಹಲವು ಕೋಳಿಗಳು ಹಠಾತ್ತನೆ ಸತ್ತರೆ ಪಶುವೈದ್ಯರಿಗೆ ತಿಳಿಸಲು ತಡಮಾಡಬಾರದು.

ಉಳಿದ ಎಂಟರಲ್ಲಿ ಇನ್ನೊಂದು ಮುಂದಿನ ತಿಂಗಳು ಕುಂಟಿತು. ಏಳು ಇಂದಿಗೂ ನೆಟ್ಟಗೆ ನಡೆಯುತ್ತಿವೆ. ಆದರೆ ಅವೂ ವೈರಸ್ಸನ್ನು ಹೊತ್ತಿರಬಹುದು. ಮಾರೆಕ್ ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಹಾಕಬೇಕು. ಹಿತ್ತಿಲಲ್ಲಿ ಕಾವಿಗೆ ಕೂತ ಕೋಳಿಯ ಮರಿಗಳಿಗೆ ಅದು ಸಾಮಾನ್ಯವಾಗಿ ದೊರೆಯುವುದಿಲ್ಲ. ನಮ್ಮ ವಿದ್ಯಾರ್ಥಿಯು ಈ ಸಲ ಲಸಿಕೆಯಾದ ಮರಿಗಳನ್ನೇ ತಂದು, ಹಳೆಯವುಗಳಿಂದ ದೂರ ಬೇರೊಂದು ಗೂಡಿನಲ್ಲಿ ಸಾಕುತ್ತಿದ್ದಾನೆ.